ಸಿಹಿ ಮಾಡಿದವರೂ ಕೂತು ಹಾಡು ಕೇಳಬೇಕಲ್ಲ

ಪ್ರಶ್ನೆ: ಮೇಡಂ, ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿದೆ. ಬೇಸಿಗೆ ರಜೆಗೆ ನಾದಿನಿಯರು, ಮೈದುನ, ಅವರ ಮಕ್ಕಳು ಎಲ್ಲ ಸೇರಿ 14 ಜನ ಆಗುತ್ತೇವೆ. ಮಾವನವರು ಹಾರ್ಮೋನಿಯಂ ನುಡಿಸುತ್ತಾರೆ, ಮೈದುನ ತಬಲಾ. ಅತ್ತೆಯವರಿಗೆ ಸೋಬಾನೆ ಪದ ಬಾಯಿಪಾಠ. ಹೋದ ವರ್ಷ ತಾರಸಿಯ ಮೇಲೆ ಹಾಡು, ಮನೆಯಲ್ಲೇ ಮಾಡಿದ ತಣ್ಣನೆಯ ಸಿಹಿ ಅಂತ ಏರ್ಪಾಡು ಮಾಡಿದ್ದೆ. ಐಸ್‌ಕ್ರೀಂ ಕಲ್ಲಾಯಿತು. ಪುಡಿ ಹಾಕಿ ಮಾಡಿದ ಹಾಲಿನ ಜೆಲ್ಲಿ ಮೇಲೆ ಒಯ್ಯುವಷ್ಟರಲ್ಲಿ ನೀರಾಯಿತು. ಅನಾನಸ್ ಹಾಕಿದ ಫ್ರೂಟ್ ಸಲಾಡ್ ಕಹಿ. ಅತ್ತ ತಬಲಾ ಶ್ರುತಿಯಲ್ಲಿ ನಿಲ್ಲಲೇ ಇಲ್ಲ. ನಾನಂತೂ ಕೆಳಗೆ ಅಡುಗೆ ಮನೆಯಲ್ಲೇ ಇದ್ದೆ, ಅತ್ತೆ ಹಾಡಿದ್ದು ಕೇಳಲೇ ಇಲ್ಲ. ಈ ಸಲ ಏನು ಮಾಡಲಿ?

ಉತ್ತರ: ನೋಡಮ್ಮ, ನಾನು ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಐಸ್‌ಕ್ರೀಂ ಕಲ್ಲಾದರೆ ಹೋಗಲಿ, ಒಂದು ಸುತ್ತು ನಗಾಡಿ ಮರೆಯಬಹುದು. ಅತ್ತೆಯ ಹಾಡು ತಪ್ಪಿಸಿಕೊಂಡದ್ದು ಹಾಗಲ್ಲ. ಕಾಲೇಜಿನಲ್ಲಿ ಗೃಹವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ನಮ್ಮ ಮನೆಯವರು ತಬಲಾ ನುಡಿಸುತ್ತಾರೆ. ಎಷ್ಟೋ ಬೇಸಿಗೆ ನಾನೂ ಕೈಯಲ್ಲಿ ಸೌಟು ಹಿಡಿದುಕೊಂಡು ಮೆಟ್ಟಿಲ ಹತ್ತಿರ ನಿಂತು ಅರ್ಧರ್ಧ ಹಾಡು ಕೇಳಿದ್ದೇನೆ. ಆಮೇಲೆ ಒಂದು ಕಟ್ಟುನಿಟ್ಟು ಮಾಡಿಕೊಂಡೆ. ಹಾಡಿನ ದಿನ ಸಂಜೆ ನಾಲ್ಕರ ಮೇಲೆ ಒಲೆ ಹಚ್ಚಬೇಕಾದ ಸಿಹಿ ನಮ್ಮ ಮನೆಯಲ್ಲಿ ಇಲ್ಲ. ಎಷ್ಟೇ ರುಚಿ ಇರಲಿ, ಇಲ್ಲ. ಬಿಸಿ ಜಿಲೇಬಿ ತಿನ್ನೋ ಆಸೆ ಇದ್ದವರು ಅಂಗಡಿಗೆ ಹೋಗಿ ತಿಂದು ಬರಲಿ.

ಈ ಕಟ್ಟುನಿಟ್ಟಿನಲ್ಲಿ ನೋಡಿದರೆ ನಿಮ್ಮ ಆಯ್ಕೆಗಳು ಕಡಿಮೆಯೇನೂ ಆಗುವುದಿಲ್ಲ. ನಮ್ಮ ಊರ ಬಿಸಿಲನ್ನು ತಡೆದುಕೊಳ್ಳುವ ಸಿಹಿ ಯಾವುದು, ತಡೆಯದ್ದು ಯಾವುದು ಅಂತ ಗೊತ್ತಿದ್ದರೆ ಸಾಕು.

ಮೊದಲು ಆ ಜೆಲ್ಲಿ. ನೀವು ಹಾಕಿದ ಪುಡಿ ಜೆಲಾಟಿನ್ ಇರಬೇಕು. ಅದು ಫ್ರಿಜ್ಜಿನಲ್ಲಿ ಚೆನ್ನಾಗಿ ಗಟ್ಟಿಯಾಗುತ್ತದೆ, ಬಾಯಿಗೆ ಹಾಕಿಕೊಂಡರೆ ಕರಗುತ್ತದೆ. ಬಾಯಿಯ ಬಿಸಿ ಎಷ್ಟು? 37 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ನಮ್ಮ ದಾವಣಗೆರೆಯೂ ಅಷ್ಟೇ ಇರುತ್ತದಲ್ಲ! ಕತ್ತಲಾದ ಮೇಲೂ ತಾರಸಿಯ ಕಾಂಕ್ರೀಟು ಹೊತ್ತಿದ್ದ ಶಾಖವನ್ನು ಬಿಡುತ್ತಲೇ ಇರುತ್ತದೆ. ಅಲ್ಲಿ ಜೆಲಾಟಿನ್ ನಿಲ್ಲುವುದು ಕಷ್ಟ. ಇನ್ನೊಂದು ವಿಷಯ, ಜೆಲಾಟಿನ್ ಮಾಡುವುದು ಪ್ರಾಣಿಗಳ ಮೂಳೆ, ಚರ್ಮದಿಂದ. ಸಸ್ಯಾಹಾರಿ ಮನೆಯಾದರೆ ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ಇದೆಯಾ ಅಂತ ಒಮ್ಮೆ ನೋಡಿ.

ಅದರ ಬದಲು ಚೈನಾ ಗ್ರಾಸ್ ತನ್ನಿ. ದೊಡ್ಡ ಕಿರಾಣಿ ಅಂಗಡಿಯಲ್ಲಿ ಬಿಳೀ ದಾರದ ಕಂತೆಯ ಹಾಗೆ ಸಿಗುತ್ತದೆ. ಇದು ಕಡಲ ಪಾಚಿಯಿಂದ ಬರುವಂಥದ್ದು. ಒಂದು ಸಲ ಗಟ್ಟಿಯಾದರೆ ಸುಮಾರು 85 ಡಿಗ್ರಿ ಮುಟ್ಟುವ ತನಕ ಕರಗುವುದಿಲ್ಲ. ನಮ್ಮ ಬಿಸಿಲು ಎಷ್ಟೇ ಕುಣಿದರೂ ಅಲ್ಲಿಗೆ ಹೋಗಲ್ಲ. 10 ಗ್ರಾಂ ಎಳೆಯನ್ನು ಕತ್ತರಿಸಿ ಒಂದೂವರೆ ಲೋಟ ನೀರಲ್ಲಿ ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಒಂದು ಎಳೆಯೂ ಕಾಣದ ಹಾಗೆ ಕುದಿಸಿ ಕರಗಿಸಿ. ಪಕ್ಕದ ಒಲೆಯಲ್ಲಿ ಮುಕ್ಕಾಲು ಲೀಟರ್ ಹಾಲಿಗೆ ಸಕ್ಕರೆ, ಏಲಕ್ಕಿ ಹಾಕಿ ಬಿಸಿ ಮಾಡಿಕೊಂಡಿರಿ. ಎರಡೂ ಬಿಸಿ ಇರುವಾಗಲೇ ಸೋಸಿ ಬೆರೆಸಬೇಕು. ಇಲ್ಲೇ ಹೆಚ್ಚಿನವರು ತಪ್ಪುವುದು. ಫ್ರಿಜ್ಜಿನ ತಣ್ಣನೆ ಹಾಲಿಗೆ ಸುರಿದರೆ ಅಲ್ಲೇ ಹೆಪ್ಪುಗಟ್ಟಿ ಶಾವಿಗೆ ಪಾಯಸದ ಹಾಗೆ ಎಳೆ ಎಳೆ ಬರುತ್ತದೆ. ತಟ್ಟೆಗೆ ಹೊಯ್ದು, ಆರಿದ ಮೇಲೆ ಫ್ರಿಜ್ಜಿಗಿಟ್ಟು, ಬರ್ಫಿಯ ಹಾಗೆ ಕತ್ತರಿಸಿಟ್ಟರೆ ಮುಗಿಯಿತು. ಬೆಳಗ್ಗೆ ಒಂಬತ್ತಕ್ಕೆ ಆಗಿಹೋಗುವ ಕೆಲಸ.

ಐಸ್‌ಕ್ರೀಂ ಕಲ್ಲಾಗುವುದು ನಿಮ್ಮ ಕೈಯ ದೋಷವಲ್ಲ, ಹಾಲಿನಲ್ಲಿರುವ ನೀರಿನದು. ಹಸುವಿನ ಹಾಲಲ್ಲಿ ನೂರಕ್ಕೆ 87 ಪಾಲು ನೀರೇ. ಮನೆಯ ಫ್ರೀಜರಿನಲ್ಲಿ ಅದು ನಿಧಾನಕ್ಕೆ ಹೆಪ್ಪುಗಟ್ಟುತ್ತದೆ. ನಿಧಾನವಾದಷ್ಟೂ ಐಸಿನ ಹರಳು ದೊಡ್ಡದಾಗುತ್ತದೆ. ಅಂಗಡಿಯವರ ಯಂತ್ರ ಹಾಗಲ್ಲ, ಕಡೆಯುತ್ತಾ ಬೇಗ ತಣ್ಣಗೆ ಮಾಡುತ್ತದೆ, ಜೊತೆಗೆ ಗಾಳಿ ತುಂಬುತ್ತದೆ. ಅದಕ್ಕೇ ಅಷ್ಟು ಮೆತ್ತಗೆ. ಯಂತ್ರವಿಲ್ಲದ ಮನೆಗೆ ನಾನು ಹೇಳುವುದು ಕುಲ್ಫಿ. ಅದು ಗಟ್ಟಿಯಾಗಿರಬೇಕಾದದ್ದೇ, ಕಡೆಯುವ ಗೊಡವೆ ಇಲ್ಲ. ನೀರನ್ನು ನಾವು ಮೊದಲೇ ಒಲೆಯ ಮೇಲೆ ಓಡಿಸಿಬಿಟ್ಟಿರುತ್ತೇವೆ.

ನಿಮ್ಮ 14 ಜನಕ್ಕೆ ಎರಡು ಲೀಟರ್ ಹಾಲು ಬೇಕು. ಎಮ್ಮೆ ಹಾಲು ಸಿಕ್ಕರೆ ಒಳ್ಳೆಯದು, ಕೊಬ್ಬು ಜಾಸ್ತಿ. ಹಾಡಿನ ಹಿಂದಿನ ದಿನ ಬೆಳಗ್ಗೆ ಆರಕ್ಕೆ, ಅಡುಗೆ ಮನೆ ಕಾಯುವ ಮೊದಲು, ಅಗಲ ಬಾಯಿಯ ದಪ್ಪ ತಳದ ಪಾತ್ರೆಯಲ್ಲಿ ಇಡಿ. ಬಾಯಿ ಅಗಲ ಇದ್ದಷ್ಟೂ ಬೇಗ ಇಂಗುತ್ತದೆ. ಅಂಚಿಗೆ ಕಟ್ಟುವ ಕೆನೆಯನ್ನು ಸೌಟಿನಿಂದ ಕೆರೆದು ಒಳಗೆ ತಳ್ಳುತ್ತಾ ಇರಿ. ಆ ಕೆನೆಯ ಚೂರುಗಳೇ ತಿನ್ನುವಾಗ ಹಲ್ಲಿಗೆ ಸಿಗುವ ಮಜಾ. ಹಾಲು ಅರ್ಧಕ್ಕಿಂತ ಕಡಿಮೆಯಾಗಿ, ಬಣ್ಣ ನಸು ಹಳದಿಗೆ ತಿರುಗಿ, ಸೌಟಿನ ಬೆನ್ನಿಗೆ ಅಂಟಿಕೊಳ್ಳುವಾಗ 150 ಗ್ರಾಂ ಸಕ್ಕರೆ ಹಾಕಿ. ಬಿಸಿಯಲ್ಲಿ ರುಚಿ ನೋಡಿದರೆ ಸಿಹಿ ಒಂದು ಕೈ ಹೆಚ್ಚಾಯಿತು ಅನ್ನಿಸಬೇಕು. ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಸಕ್ಕರೆ ಇದ್ದಲ್ಲಿ ನೀರು ಅಷ್ಟು ಸುಲಭಕ್ಕೆ ಹೆಪ್ಪುಗಟ್ಟದು ಅನ್ನುವುದೂ ಇದೆ. ಸಕ್ಕರೆ ಕಡಿಮೆ ಮಾಡಿದವರ ಕುಲ್ಫಿಯೇ ಕಲ್ಲಾಗುವುದು. ಪೂರ್ತಿ ಆರಿಸಿ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಒಂದೆರಡು ಗಂಟೆ ತಂಪು ಮಾಡಿ, ಆಮೇಲೆ ಸಣ್ಣ ಸ್ಟೀಲ್ ಲೋಟಗಳಿಗೆ ಹುಯ್ದು ಫ್ರೀಜರಿಗೆ ಇಡಿ. ಪ್ಲಾಸ್ಟಿಕ್ಕಿಗಿಂತ ಸ್ಟೀಲು ಬೇಗ ತಣ್ಣಗಾಗುತ್ತದೆ. ಬಿಸಿ ಬಿಸಿಯೇ ಒಳಗೆ ತಳ್ಳಿದರೆ ಫ್ರೀಜರೇ ಬೆವರುತ್ತದೆ. ಆ ರಾತ್ರಿ ಮಕ್ಕಳು ಐಸ್ ತುಂಡಿಗಾಗಿ ಹತ್ತು ಸಲ ಬಾಗಿಲು ತೆಗೆಯದ ಹಾಗೆ ನೋಡಿಕೊಳ್ಳುವ ಕೆಲಸ ಯಾರಿಗಾದರೂ ವಹಿಸಿ.

ಮಕ್ಕಳಿಗೂ ಒಂದು ಆಟ ಬೇಕಲ್ಲ. ಜಿಪ್ ಇರುವ ಸಣ್ಣ ಕವರಿನಲ್ಲಿ ಒಂದು ಲೋಟ ತಣ್ಣನೆ ಹಾಲು, ಸಕ್ಕರೆ, ಸ್ವಲ್ಪ ಕೆನೆ. ಅದನ್ನು ದೊಡ್ಡ ಕವರಿನೊಳಗೆ ಇಟ್ಟು, ಸುತ್ತ ಐಸ್ ಚೂರು ಮತ್ತು ಎರಡು ಹಿಡಿ ಕಲ್ಲುಪ್ಪು. ಟವೆಲ್ಲಿನಲ್ಲಿ ಸುತ್ತಿ ಹತ್ತು ನಿಮಿಷ ಅಲ್ಲಾಡಿಸಲಿ. ಉಪ್ಪು ಬಿದ್ದ ಐಸು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿಳಿಯುತ್ತದೆ, ಹಾಲು ಅವರ ಕಣ್ಣೆದುರೇ ಐಸ್‌ಕ್ರೀಂ ಆಗುತ್ತದೆ. ಟವೆಲ್ ಮರೆಯಬೇಡಿ, ಬರಿಗೈ ಸುಟ್ಟ ಹಾಗಾಗುತ್ತದೆ. ತಬಲಾ ಶ್ರುತಿ ಮಾಡುವ ಹೊತ್ತಿಗೆ ಮಕ್ಕಳ ಗಲಾಟೆ ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗಿನ್ನೂ ಸಿಕ್ಕಿಲ್ಲ.

ಅನಾನಸ್ ಕಹಿಯಾದದ್ದರ ಕತೆ ಚಿಕ್ಕದು. ಹಸಿ ಅನಾನಸ್ಸಿನಲ್ಲಿ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ, ಅದು ಹಾಲಿಗೆ ಬಿದ್ದ ಸ್ವಲ್ಪ ಹೊತ್ತಿಗೆ ಕಹಿ ಬರುತ್ತದೆ. ಪಪ್ಪಾಯಿಯೂ ಹಾಗೇ. ಹೋಳನ್ನು ಸಕ್ಕರೆ ನೀರಲ್ಲಿ ಐದು ನಿಮಿಷ ಕುದಿಸಿ, ಆರಿಸಿ ಹಾಕಿದರೆ ಆ ತೊಂದರೆ ಇಲ್ಲ. ಕಸ್ಟರ್ಡ್ ರುಚಿ ನೋಡಿದ ಚಮಚವನ್ನೇ ಮತ್ತೆ ಪಾತ್ರೆಗೆ ಅದ್ದಬೇಡಿ. ಎಂಜಲು ತಾಗಿದರೆ ಅದರ ಪಿಷ್ಟ ಒಡೆದು ಕಸ್ಟರ್ಡ್ ತೆಳ್ಳಗಾಗುತ್ತದೆ. ಮಡಿ ಮೈಲಿಗೆಯ ಮಾತಲ್ಲ ಇದು.

ಮಾವಿನ ಸೀಕರಣೆ ಮಾಡುವುದಾದರೆ ರಸಪೂರಿ ಹಣ್ಣು. ಬಾದಾಮಿಯನ್ನು ಹೋಳು ಮಾಡಿ ತಿನ್ನಬೇಕು, ರಸಪೂರಿಯನ್ನು ಹಿಂಡಬೇಕು. ಹಾಲು ಕಾಯಿಸಿ ಪೂರ್ತಿ ತಣ್ಣಗಾದ ಮೇಲೆಯೇ ರಸಕ್ಕೆ ಬೆರೆಸಿ, ಬಿಸಿ ಹಾಲಿಗೆ ಹಣ್ಣಿನ ಹುಳಿ ತಾಗಿದರೆ ಒಡೆಯುತ್ತದೆ. ಶ್ರೀಖಂಡದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಒಂದು ಮೇ ತಿಂಗಳಲ್ಲಿ ನಾನು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಕಿಟಕಿಯ ಸರಳಿಗೆ ನೇತು ಹಾಕಿದೆ. ಬೆಳಗ್ಗೆ ನೋಡಿದರೆ ಹಲ್ಲು ಚುಳ್ ಅನ್ನುವಷ್ಟು ಹುಳಿ. ಕೆಳಗೆ ಇಳಿದ ನೀರು ಮನೆಯವರ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬೇರೆ. ಅವತ್ತಿನ ಕಛೇರಿ ಬೇರೆ ಥರದ್ದೇ ಆಯಿತು ಬಿಡಿ. ಬೇಸಿಗೆಯಲ್ಲಿ ಮೊಸರನ್ನು ಜಾಲರಿಯಲ್ಲಿಟ್ಟು, ಅಡಿಗೆ ಪಾತ್ರೆ ಕೊಟ್ಟು, ಫ್ರಿಜ್ಜಿನ ಒಳಗೇ ಇಳಿಸಬೇಕು.

ಈಗ ನನಗೆ ಇಷ್ಟವಾದದ್ದಕ್ಕೆ ಬರುತ್ತೇನೆ. ಇಷ್ಟೆಲ್ಲ ಫ್ರೀಜರು, ಜೆಲ್ಲಿ ಅಂತ ಒದ್ದಾಡುವ ನಾವು ನಮ್ಮ ಕಡೆಯ ಮಾದ್ಲಿಯನ್ನು ಮರೆತೇಬಿಟ್ಟಿದ್ದೇವೆ. ಜಾತ್ರೆ, ಹಬ್ಬಕ್ಕಷ್ಟೇ ಅಂತ ಎತ್ತಿಟ್ಟಿದ್ದೇವೆ. ಬೇಸಿಗೆಗೆ ಹೇಳಿ ಮಾಡಿಸಿದ ಸಿಹಿ ಅದು. ಗೋಧಿ, ಅದರ ಜೊತೆ ಸ್ವಲ್ಪ ಅಕ್ಕಿ ಮತ್ತು ಕಡಲೆಬೇಳೆ ಹುರಿದು, ತರಿತರಿಯಾಗಿ ಬೀಸಿಸಿ, ಗಟ್ಟಿ ಕಲಸಿ, ದಪ್ಪ ರೊಟ್ಟಿ ಮಾಡಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ರೊಟ್ಟಿ ಆರಿದ ಮೇಲೆ ಮುರಿದು ಕುಟ್ಟಿ ಜರಡಿ ಹಿಡಿದರೆ ರವೆಯ ಹಾಗೆ ಉದುರುತ್ತದೆ. ಅದಕ್ಕೆ ಪುಡಿ ಬೆಲ್ಲ, ಹುರಿಗಡಲೆ, ಹುರಿದ ಗಸಗಸೆ, ಒಣಕೊಬ್ಬರಿ ತುರಿ, ಏಲಕ್ಕಿ, ಚೂರು ಒಣಶುಂಠಿ. ಕುಟ್ಟುವಾಗ ಬರುವ ಆ ಸುಟ್ಟ ಗೋಧಿಯ ವಾಸನೆಗೇ ಮಕ್ಕಳು ಆಟ ಬಿಟ್ಟು ಬಂದು ಒಳಕಲ್ಲಿನ ಸುತ್ತ ಕೂರುತ್ತಾರೆ. ನೀರಿನ ಅಂಶ ಇಲ್ಲದ್ದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ವಾರ ಆರಾಮಾಗಿ ಇರುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ. ತಿನ್ನುವಾಗ ಬಿಸಿ ಹಾಲು, ತುಪ್ಪ ಹಾಕಿಕೊಳ್ಳುವುದು ವಾಡಿಕೆ. ನಾನು ಬೇಸಿಗೆಯಲ್ಲಿ ಫ್ರಿಜ್ಜಿನ ತಣ್ಣನೆ ಹಾಲು ಹಾಕುತ್ತೇನೆ. ನಮ್ಮತ್ತೆ ಇದ್ದಿದ್ದರೆ ಬೈಯುತ್ತಿದ್ದರು, ಆದರೆ ಒಮ್ಮೆ ತಿಂದು ನೋಡಿ. ತುಪ್ಪ ಮಾತ್ರ ಆಗ ಬೇಡ, ತಣ್ಣಗೆ ಹೆಪ್ಪುಗಟ್ಟಿ ಬಾಯಿಗೆ ಅಂಟುತ್ತದೆ.

ಇದರ ನಡುವೆ ಖಾರಕ್ಕೆ ಮಂಡಕ್ಕಿ ಇಲ್ಲದಿದ್ದರೆ ದಾವಣಗೆರೆಯ ಮನೆ ಅನ್ನಿಸಿಕೊಳ್ಳುವುದಿಲ್ಲ. ಒಣ ಮಸಾಲೆ ಹಚ್ಚುವ ನರ್ಗಿಸ್ ಮಂಡಕ್ಕಿಯನ್ನು ಮಧ್ಯಾಹ್ನವೇ ಕಲಸಿ ಡಬ್ಬಿಗೆ ತುಂಬಬಹುದು. ಮಿರ್ಚಿ ಮಾತ್ರ ಮನೆಯಲ್ಲಿ ಕರಿಯಲು ಹೋಗಬೇಡಿ, ಮತ್ತೆ ನೀವೇ ಬಾಣಲೆ ಮುಂದೆ ನಿಲ್ಲುತ್ತೀರಿ. ಓಣಿಯ ತುದಿಯ ಗಾಡಿಯಿಂದ ಮೈದುನ ಕಟ್ಟಿಸಿಕೊಂಡು ಬರಲಿ.

ಎರಡು ಎಚ್ಚರಿಕೆ ಹೇಳಿ ಸಿಹಿಯ ಮಾತು ಮುಗಿಸುತ್ತೇನೆ. ಹಾಲಿನ ಸಿಹಿಯನ್ನು ಇಂಥ ಸೆಕೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಒಂದೇ ಸಲ ಎಲ್ಲವನ್ನೂ ಮೇಲೆ ಒಯ್ಯುವ ಬದಲು ತಟ್ಟೆ ತಟ್ಟೆಯಾಗಿ ತರಿಸಿ. ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ‘ಇದು ಬೆಲ್ಲದ್ದು, ಏನೂ ಆಗಲ್ಲ’ ಅಂತ ಬಡಿಸಬೇಡಿ. ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನು ಏರಿಸುತ್ತದೆ. ಅವರ ಬಟ್ಟಲು ಚಿಕ್ಕದಿರಲಿ, ಅಷ್ಟೇ.

ಇನ್ನು ತಬಲಾ. ನಿಮ್ಮ ಮೈದುನನಿಗೆ ಈ ಭಾಗ ಓದಿ ಹೇಳಿ. ತಬಲಾದ ಬಾಯಿಗೆ ಕಟ್ಟಿರುವುದು ಆಡಿನ ಚರ್ಮ. ಒಣ ಬಿಸಿಗೆ ಅದು ಬಿಗಿಯಾಗಿ ಶ್ರುತಿ ಏರುತ್ತದೆ, ತೇವಕ್ಕೆ ಸಡಿಲಾಗಿ ಇಳಿಯುತ್ತದೆ. ಹೋದ ವರ್ಷ ಬಹುಶಃ ಆದದ್ದು ಇದು: ಸೆಕೆ ಅಂತ ತಾರಸಿಗೆ ನೀರು ಹಾಕಿದ್ದೀರಿ, ಅದು ಆರುವ ಮೊದಲೇ ಜಮಖಾನೆ ಹಾಸಿ ತಬಲಾ ಇಟ್ಟಿದ್ದೀರಿ. ಕೆಳಗಿನಿಂದ ಬಿಸಿ, ಜೊತೆಗೆ ಏಳುವ ತೇವ. ಕೆಳಗೆ ಕೋಣೆಯಲ್ಲಿ ಕೂರಿಸಿದ ಶ್ರುತಿ ಮೇಲೆ ಹೇಗೆ ನಿಲ್ಲಬೇಕು? ಐದು ಗಂಟೆಗೆ ಒಂದು ಸಲ ನೀರು ಹೊಡೆದು ಬಿಡಿ, ಪೂರ್ತಿ ಒಣಗಲಿ. ಏಪ್ರಿಲ್ ಕೊನೆಗೆ ನಮ್ಮಲ್ಲಿ ಸೂರ್ಯ ಮುಳುಗುವುದು 6:40ರ ಸುಮಾರಿಗೆ. ಆ ಹೊತ್ತಿಗೆ ತಬಲಾವನ್ನು ಮೇಲೆ ತಂದು, ದಪ್ಪ ಸಿಂಬಿಯ ಮೇಲೆ ಕೂರಿಸಿ, ಅರ್ಧ ಗಂಟೆ ಸುಮ್ನೆ ಬಿಡಬೇಕು. ಅಲ್ಲಿನ ಗಾಳಿಗೆ ಅದು ಹೊಂದಿಕೊಂಡ ಮೇಲೆ ಸುತ್ತಿಗೆ ಎತ್ತಿ. ಹೆಚ್ಚು ವ್ಯತ್ಯಾಸ ಇದ್ದರೆ ಪಕ್ಕದ ಮರದ ಗಟ್ಟಾಗಳನ್ನು ಹೊಡೆದು ಸರಿ ಮಾಡಿ. ಸಣ್ಣಪುಟ್ಟದಕ್ಕೆ ಚರ್ಮದ ಅಂಚಿಗೆ ಮೇಲಿನಿಂದ ಮೆಲ್ಲಗೆ ತಟ್ಟಿದರೆ ಶ್ರುತಿ ಏರುತ್ತದೆ, ಕೆಳಗಿನಿಂದ ತಟ್ಟಿದರೆ ಇಳಿಯುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನೊಳಗೆ ತಬಲಾ ಬಿಡಲೇಬಾರದು. ನಮ್ಮ ಮನೆಯ ಒಂದು ಚರ್ಮ ಹಾಗೇ ಹರಿದು, ಹೊಸದು ಕಟ್ಟಿಸುವ ತನಕ ಮನೆಯವರು ಊಟದ ಮೇಜು ಬಾರಿಸುತ್ತಾ ಕೂತಿದ್ದರು. ಭರಣಿ ಮಳೆ ಹನಿ ಹಾಕಿದ ಸಂಜೆಯಾದರೆ ಲೆಕ್ಕ ಉಲ್ಟಾ, ಶ್ರುತಿ ಇಳಿಯುತ್ತಾ ಹೋಗುತ್ತದೆ. ಅವತ್ತು ನಡುಮನೆಯಲ್ಲೇ ಕೂತುಬಿಡಿ.

ಹಾರ್ಮೋನಿಯಂ ಹಾಗೆ ಕುಣಿಯುವುದಿಲ್ಲ, ಹಾಗಾಗಿ ಎಲ್ಲರೂ ಅದಕ್ಕೇ ಸೇರಬೇಕು. ಮನೆಯ ಹಾಡಿನಲ್ಲಿ ನಿಜವಾದ ತೊಡಕು ಬರುವುದು ಇಲ್ಲಿ. ಗಂಡಸರು ಸಾಮಾನ್ಯವಾಗಿ ಕಪ್ಪು ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ, ಆಸುಪಾಸಿನಲ್ಲಿ ಹಾಡುತ್ತಾರೆ, ಹೆಂಗಸರಿಗೆ ಅದು ಗಂಟಲಿಗೆ ಕೂರಲ್ಲ, ಕಪ್ಪು ನಾಲ್ಕು ಬೇಕು. ಒಬ್ಬೊಬ್ಬರಿಗೂ ತಬಲಾ ಶ್ರುತಿ ಬದಲಿಸುತ್ತಾ ಕೂತರೆ ರಾತ್ರಿ ಕಳೆಯುತ್ತದೆ. ಉಪಾಯ ಸುಲಭ. ತಬಲಾವನ್ನು ಕಪ್ಪು ಒಂದಕ್ಕೆ ಕೂರಿಸಿಬಿಡಿ. ಗಂಡಸರು ಹಾಡುವಾಗ ಅದು ಷಡ್ಜ, ಅಂದರೆ ಅವರ ‘ಸ’. ಹೆಂಗಸರು ಕಪ್ಪು ನಾಲ್ಕರಲ್ಲಿ ಹಾಡುವಾಗ ಅದೇ ಸ್ವರ ಅವರ ಶುದ್ಧ ಮಧ್ಯಮ, ಅಂದರೆ ‘ಮ’. ಕಿವಿಗೆ ಹಿತವಾಗಿಯೇ ಇರುತ್ತದೆ. ಒಂದು ಕಡೆ ಮಾತ್ರ ಇದು ನಡೆಯಲ್ಲ. ಭೂಪ್ ರಾಗದಲ್ಲಿ ಮಧ್ಯಮವೇ ಇಲ್ಲ, ಯಮನ್‌ನಲ್ಲಿ ಇರುವುದು ತೀವ್ರ ಮಧ್ಯಮ, ಶುದ್ಧಕ್ಕಿಂತ ಒಂದು ಮನೆ ಮೇಲಿನದು; ತಬಲಾದ ಸ್ವರ ಅಲ್ಲಿ ಕೂಡುವುದಿಲ್ಲ. ಆ ರಾಗದ ಹಾಡುಗಳನ್ನು ಗಂಡಸರಿಗೇ ಬಿಟ್ಟುಬಿಡಿ, ಇಲ್ಲವೇ ಆ ಹಾಡಿಗೆ ಬರೀ ತಾಳ ಸಾಕು ಅನ್ನಿ.

ನಮ್ಮ ಊರಿನ ಒಂದು ಅನುಕೂಲ ಗಮನಿಸಿದ್ದೀರಾ? ಹುಬ್ಬಳ್ಳಿ, ಗದಗದ ಕಡೆಯ ಹಿಂದೂಸ್ತಾನಿ, ಮೈಸೂರು ಕಡೆಯ ಕರ್ನಾಟಕ ಸಂಗೀತ, ಎರಡೂ ಕಲಿತವರು ಇಲ್ಲಿ ಸಿಗುತ್ತಾರೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಕಲಿತವರು ವಚನ ಹಾಡುವ ಪದ್ಧತಿಯನ್ನು ಊರೂರಿಗೆ ಒಯ್ದರು. ನಿಮ್ಮ ಮನೆಯಲ್ಲಿ ನಾದಿನಿ ಒಬ್ಬರು ಕರ್ನಾಟಕ ಸಂಗೀತ ಕಲಿತಿದ್ದು ಮಾವನವರದು ಹಿಂದೂಸ್ತಾನಿ ಆಗಿದ್ದರೆ ‘ನಮ್ಮದು ನಿಮ್ಮದು ಕೂಡಲ್ಲ’ ಅನ್ನುವುದು ಬೇಡ. ಅವರ ಭೂಪ್, ಇವರ ಮೋಹನ ಎರಡರದ್ದೂ ಅದೇ ಐದು ಸ್ವರ. ಒಬ್ಬರು ವಚನ ಹಾಡಲಿ, ಇನ್ನೊಬ್ಬರು ದಾಸರ ಪದ.

ತಾರಸಿಯಲ್ಲಿ ಕೂರುವಾಗ ಹಾಡುವವರ ಬೆನ್ನ ಹಿಂದೆ ಗೋಡೆ ಇರಲಿ, ಮೆಟ್ಟಿಲ ಕೋಣೆಯ ಗೋಡೆಯಾದರೂ ಸರಿ. ಬಯಲಲ್ಲಿ ಕೂತರೆ ದನಿ ಆಕಾಶಕ್ಕೆ ಹೋಗುತ್ತದೆ, ಗೋಡೆ ಇದ್ದರೆ ಎದುರಿಗೆ ಬರುತ್ತದೆ. 14 ಜನಕ್ಕೆ ಮೈಕು ಯಾಕೆ? ಹಾಕಲೇಬೇಕು ಅಂತ ಹುಡುಗರು ಹಟ ಮಾಡಿದರೂ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಾನೂನಿನಲ್ಲೇ ಅವಕಾಶ ಇಲ್ಲ. ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿ, ಕುಲ್ಫಿಯನ್ನೂ ಕಳಿಸಿದರೆ ಹತ್ತರ ತನಕ ಯಾರೂ ಬಾಗಿಲು ತಟ್ಟಲಾರರು. ಹಾಡುವವರಿಗೆ ಮಾತ್ರ ಅವರ ಸರದಿ ಮುಗಿದ ಮೇಲೆ ಕೊಡಿ. ಹಾಲಿನ ಸಿಹಿ ಎಂಜಲಿನ ಜೊತೆ ಸೇರಿ ಗಂಟಲಲ್ಲಿ ಕಫ ಕಟ್ಟಿದ ಹಾಗೆ ಅನ್ನಿಸುತ್ತದೆ. ಕಫ ಹೆಚ್ಚುವುದಿಲ್ಲ, ಆದರೆ ಹಾಡುವವರು ಕೆಮ್ಮುತ್ತಾ ಕೂರುತ್ತಾರೆ.

ಅತ್ತೆಯವರ ಸೋಬಾನೆಯನ್ನು ಕೊನೆಗೆ ಇಡಬೇಡಿ. ಕೊನೆಯ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ, ಅವರಿಗೂ ದಣಿವು. ಏಳು ಗಂಟೆಗೆ ಅವರದ್ದೇ ಮೊದಲ ಹಾಡು. ಹಾರ್ಮೋನಿಯಂ ಬೇಡ, ತಬಲಾ ಬೇಡ, ಸೋಬಾನೆಗೆ ಅದರದ್ದೇ ಓಟ ಇದೆ. ಒಬ್ಬರು ಹೇಳಿಕೊಟ್ಟದ್ದನ್ನು ಉಳಿದವರು ಎತ್ತಿಕೊಳ್ಳುವ ಪದ ಅದು, ಹಿಂದಿನ ಸಾಲು ಹಾಡಲು ಜನ ಬೇಕು. ಆ ಜನರಲ್ಲಿ ನೀವು ಒಬ್ಬರು. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಮಡಚಿದ ಟವೆಲ್ಲಿನ ಮೇಲೆ ಅವರಿಂದ ಒಂದು ಮೊಳ ದೂರದಲ್ಲಿಟ್ಟು ರೆಕಾರ್ಡ್ ಒತ್ತಿ ಕೂತುಕೊಳ್ಳಿ. ಕುಲ್ಫಿ ಲೋಟಗಳನ್ನು ರಾತ್ರಿ ಒಂದು ಬಕೆಟ್ ನೀರಲ್ಲಿ ಮುಳುಗಿಸಿಟ್ಟರೆ ಸಾಕು, ಬೆಳಗ್ಗೆ ಮೈದುನ ತೊಳೆಯುತ್ತಾನೆ.